ರೀಲ್ಸ್ ನೋಡಿದ ಮೇಲೆ ಮುಂದೇನು? ಮನಸ್ಸಿನ ನೋವಿಗೆ ನೆರವು ಕೇಳುವ ದಾರಿ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ ಯಾರಿಗಾದರೂ ಜ್ವರ ಬಂದರೆ, ಬೈಕಿನಿಂದ ಬಿದ್ದು ಕೈ ಮುರಿದರೆ ಎಲ್ಲಿಗೆ ಹೋಗಬೇಕೆಂದು ಮನೆಯ ಸಣ್ಣ ಮಕ್ಕಳಿಗೂ ಗೊತ್ತು. ಅದೇ ಮನೆಯ ಪಿಯುಸಿ ಹುಡುಗಿಗೆ ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲ, ಪುಸ್ತಕ ಹಿಡಿದರೆ ಅಕ್ಷರ ತಲೆಗೆ ಹತ್ತುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದಾಗ ಮಾತ್ರ ಯಾರಿಗೂ ದಾರಿ ತೋಚುವುದಿಲ್ಲ. ‘ಪರೀಕ್ಷೆ ಟೆನ್ಷನ್ನು, ಹೋಗುತ್ತೆ ಬಿಡು’ ಎನ್ನುವವರು ಕೆಲವರು, ‘ಯಾರದೋ ದೃಷ್ಟಿ ತಗುಲಿದೆ’ ಎನ್ನುವವರು ಕೆಲವರು. ಅಷ್ಟು ಹೊತ್ತಿಗೆ ಹುಡುಗಿ ಯಾರಿಗೂ ಗೊತ್ತಾಗದಂತೆ ಮೊಬೈಲನ್ನು ಕೇಳಿ ಆಗಿರುತ್ತದೆ.

ಸೂಳೆಕೆರೆ ಸುತ್ತಿನ ಹಳ್ಳಿಗಳಲ್ಲಷ್ಟೇ ಅಲ್ಲ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಊರುಗಳಲ್ಲೂ ಇವತ್ತು ಇದೇ ಕಥೆ. ಮನಸ್ಸಿಗೆ ಬೇಸರವಾದಾಗ ಹರೆಯದವರು ಮೊದಲು ಮಾತಾಡುವುದು ಅಪ್ಪನ ಜೊತೆಗಲ್ಲ, ಡಾಕ್ಟರ ಜೊತೆಗೂ ಅಲ್ಲ. ಇನ್‌ಸ್ಟಾಗ್ರಾಮ್, ಯೂಟ್ಯೂಬ್, ವಾಟ್ಸ್‌ಆ್ಯಪ್ ಜೊತೆ. ಹಾಗಾಗಿ ಈ ಪರದೆ ಅವರನ್ನು ನೆರವಿನ ಕಡೆಗೆ ನಡೆಸುತ್ತಿದೆಯೋ, ನೆರವಿನಿಂದ ದೂರ ಹಿಡಿದಿದೆಯೋ ಎಂದು ಪ್ರತಿ ಮನೆಯೂ ಕೇಳಿಕೊಳ್ಳಬೇಕಾಗಿದೆ. ಎರಡೂ ನಡೆಯುತ್ತಿವೆ. ಎರಡನ್ನೂ ಅರಿತು, ಪರದೆಯಿಂದ ಎದ್ದು ವೈದ್ಯರವರೆಗೆ ಹೋಗುವುದು ಹೇಗೆಂದು ಹೇಳುವುದೇ ಈ ಲೇಖನದ ಉದ್ದೇಶ.

ಮೊಬೈಲ್ ಕೊಟ್ಟ ಧೈರ್ಯ

ಗ್ರಾಮೀಣ ಮಕ್ಕಳ ಶಿಕ್ಷಣ ಕುರಿತ ‘ಅಸರ್’ 2024ರ ವರದಿಯ ಪ್ರಕಾರ ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಮಕ್ಕಳು ಎಲ್ಲಿದ್ದಾರೆ ಎನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. 2021ರಲ್ಲಿ ಯುನಿಸೆಫ್ ಪ್ರಕಟಿಸಿದ ವರದಿಗಾಗಿ 21 ದೇಶಗಳ ಯುವಜನರನ್ನು ಮಾತಾಡಿಸಿದ್ದರು. ಮನಸ್ಸಿನ ತೊಂದರೆಗೆ ಇನ್ನೊಬ್ಬರ ನೆರವು ಪಡೆಯುವುದು ಒಳ್ಳೆಯದು ಎಂದವರು ಆ ದೇಶಗಳಲ್ಲಿ ಸರಾಸರಿ ಶೇ 83. ಭಾರತದ 15ರಿಂದ 24 ವರ್ಷದವರಲ್ಲಿ ಹಾಗೆಂದವರು ಶೇ 41 ಮಾತ್ರ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೂ ಇದಕ್ಕೆ ಪೂರಕವಾಗಿದೆ: ಕಾಯಿಲೆಯ ಬಗೆಯನ್ನು ಅನುಸರಿಸಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು ಶುರುವಾಗುವುದು 18 ವರ್ಷದೊಳಗೆ. ಯಾವ ವಯಸ್ಸಿನಲ್ಲಿ ನೆರವು ಹೆಚ್ಚು ಬೇಕೋ ಆ ವಯಸ್ಸಿನಲ್ಲೇ ಬಾಯಿ ಕಟ್ಟಿದೆ.

ಈ ಮೌನಕ್ಕೆ ಕಾರಣ ಹಳೆಯದು. ತ್ರಿವೇಣಿಯವರ ಕಾದಂಬರಿ ಆಧರಿಸಿ 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದ ‘ಶರಪಂಜರ’ದ ಕಾವೇರಿ ಚಿಕಿತ್ಸೆ ಪಡೆದು ವಾಪಸಾದರೂ ಸುತ್ತಲಿನವರು ಅವಳನ್ನು ಹುಚ್ಚಿಯಾಗಿಯೇ ಕಾಣುತ್ತಾರೆ. ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಆ ಹೆಸರು ಅಳಿಯುವುದಿಲ್ಲ ಎಂಬ ಭಯ ನಮ್ಮ ಊರುಗಳಲ್ಲಿ ಇನ್ನೂ ಇದೆ. ಮದುವೆ ಮಾತುಕತೆ ಹತ್ತಿರ ಬಂದಂತೆಲ್ಲ ಅದು ಹೆಚ್ಚುತ್ತದೆ.

ಈ ಭಯವನ್ನು ಕರಗಿಸಲು ಕನ್ನಡದಲ್ಲಿ ಪ್ರಯತ್ನಗಳು ಮೊದಲಿನಿಂದ ನಡೆದಿವೆ. ಹಾಸ್ಯ ಪತ್ರಿಕೆ ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರು ಮನಸ್ಸಿನ ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಅವರ ಕಥೆ ‘ಕಾಡಿನ ಬೆಂಕಿ’ ಸಿನಿಮಾ ಆಯಿತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ವಾರಪತ್ರಿಕೆಯ ವೈದ್ಯರ ಅಂಕಣಕ್ಕೆ ಹೆಸರು ಮರೆಮಾಡಿ, ಊರಿನ ಹೆಸರಷ್ಟೇ ಬರೆದು ಪ್ರಶ್ನೆ ಕಳಿಸುತ್ತಿದ್ದ ಕಾಲವೊಂದಿತ್ತು. ಹೆಸರು ಹೇಳದೆ ಕೇಳುವ ಆ ಆಸೆಯೇ ಇವತ್ತು ಇನ್‌ಸ್ಟಾಗ್ರಾಮಿನ ಮೆಸೇಜಿಗೆ ಬಂದಿದೆ. ಆಗ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಿತ್ತು, ಆದರೆ ಉತ್ತರಿಸುತ್ತಿದ್ದವರು ವೈದ್ಯರು. ಈಗ ಉತ್ತರ ಕ್ಷಣದಲ್ಲಿ ಬರುತ್ತದೆ. ಉತ್ತರಿಸಿದವರು ಯಾರೆಂದು ಮಾತ್ರ ಗೊತ್ತಿರುವುದಿಲ್ಲ.

ದಾವಣಗೆರೆ ಜಿಲ್ಲೆಯೇ ಕಂಡ ಉದಾಹರಣೆ

ಪರದೆಯ ಮೇಲಿನ ಒಂದು ಮಾತು ಹಳ್ಳಿಯ ಮನೆ ಬಾಗಿಲಿಗೆ ಬರಲು ಸಾಧ್ಯವೇ? ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಉತ್ತರವಿದೆ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮಗೆ ಖಿನ್ನತೆ ಇತ್ತು, ಚಿಕಿತ್ಸೆ ಪಡೆದೆ ಎಂದು 2015ರಲ್ಲಿ ಟಿ.ವಿ. ಸಂದರ್ಶನದಲ್ಲಿ ಬಹಿರಂಗವಾಗಿ ಹೇಳಿದರು. ಆ ಮಾತು ದೇಶದ ಮೊಬೈಲುಗಳಲ್ಲೆಲ್ಲ ಓಡಾಡಿತು. ಅದೇ ವರ್ಷ ಅವರು ‘ಲಿವ್ ಲವ್ ಲಾಫ್’ ಪ್ರತಿಷ್ಠಾನ ಕಟ್ಟಿದರು. ಆ ಪ್ರತಿಷ್ಠಾನ ತನ್ನ ಗ್ರಾಮೀಣ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು 2016ರಲ್ಲಿ ಆರಂಭಿಸಿದ್ದು ದಾವಣಗೆರೆ ಜಿಲ್ಲೆಯಲ್ಲಿ, ಅಂಗವಿಕಲರ ನಡುವೆ ಕೆಲಸ ಮಾಡುವ ಎಪಿಡಿ ಸಂಸ್ಥೆಯ ಜೊತೆ ಸೇರಿ. ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆ ಇರುವವರನ್ನು ಗುರುತಿಸುವುದು, ಚಿಕಿತ್ಸೆ ಕೊಡಿಸುವುದು, ನೋಡಿಕೊಳ್ಳುವ ಮನೆಯವರಿಗೆ ಆಸರೆಯಾಗುವುದು ಅದರ ಕೆಲಸ. ಮುಂದೆ ಅದು ಬೇರೆ ರಾಜ್ಯಗಳಿಗೂ ಹಬ್ಬಿತು.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ಸಂದರ್ಶನ ನೋಡಿ ‘ಅವರಿಗೂ ಹೀಗಾಗುತ್ತದಾ’ ಅನ್ನಿಸುವುದು ಒಳ್ಳೆಯದೇ. ಆದರೆ ಹಳ್ಳಿಯ ಮನೆಯಲ್ಲಿ ಕಾಯಿಲೆ ಬಿದ್ದವರಿಗೆ ಚಿಕಿತ್ಸೆ ಸಿಕ್ಕಿದ್ದು ಒಬ್ಬ ಕಾರ್ಯಕರ್ತೆ ಬಾಗಿಲಿಗೆ ಬಂದು ಕೂತು ಮಾತಾಡಿದ ಮೇಲೆ. ಪರದೆ ಧೈರ್ಯ ಕೊಡುತ್ತದೆ. ಗುಣ ಮಾಡುವುದು ಮನುಷ್ಯರು.

ಅಮೆರಿಕದಲ್ಲೂ ಹೀಗೇ ಆಯಿತು. ರ‍್ಯಾಪ್ ಗಾಯಕ ಲಾಜಿಕ್ 2017ರಲ್ಲಿ ಅಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿಯ ನಂಬರನ್ನೇ ಶೀರ್ಷಿಕೆಯಾಗಿಟ್ಟು ಒಂದು ಹಾಡು ಬಿಡುಗಡೆ ಮಾಡಿದರು. ಹಾಡಿನ ಬಗ್ಗೆ ಜನ ಅತಿ ಹೆಚ್ಚು ಮಾತಾಡಿದ 34 ದಿನಗಳಲ್ಲಿ ಆ ಸಹಾಯವಾಣಿಗೆ ನಿರೀಕ್ಷೆಗಿಂತ 9,915 ಕರೆಗಳು ಹೆಚ್ಚು ಬಂದವು, ಅದೇ ಅವಧಿಯಲ್ಲಿ ಆತ್ಮಹತ್ಯೆಗಳ ಸಂಖ್ಯೆ ಶೇ 5.5ರಷ್ಟು ಕಡಿಮೆಯಿತ್ತು ಎಂದು 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಡಿನಲ್ಲಿ ಸಂಕಟದ ಜೊತೆಗೆ ಬದುಕಿ ಉಳಿಯುವ ದಾರಿಯೂ ಇತ್ತು, ಕರೆ ಮಾಡಲು ನಂಬರೂ ಇತ್ತು. ಒಳ್ಳೆಯ ಪೋಸ್ಟ್ ಯಾವುದೆಂದು ಗುರುತಿಸಲು ಇಷ್ಟು ಸಾಕು.

ಅದೇ ಮೊಬೈಲ್ ತಡೆಯುವುದೆಲ್ಲಿ?

ಮೊದಲನೆಯದು, ತಾವೇ ರೋಗ ಹೆಸರಿಸಿಕೊಳ್ಳುವುದು. ‘ಈ ಐದು ಲಕ್ಷಣ ಇದ್ದರೆ ನಿಮಗೆ ಎಡಿಎಚ್‌ಡಿ’ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಎಂಬ ಅರ್ಧ ನಿಮಿಷದ ವಿಡಿಯೊ ನೋಡಿ ಮಕ್ಕಳು ಅದೇ ತಮಗೂ ಎಂದು ನಂಬುತ್ತಾರೆ. ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ನೋಡಿದ ಇಂಥ 100 ವಿಡಿಯೊಗಳನ್ನು ಕೆನಡಾದ ಸಂಶೋಧಕರು ಪರೀಕ್ಷಿಸಿದಾಗ 52ರಲ್ಲಿ ತಪ್ಪು ದಾರಿ ಹಿಡಿಸುವ ಮಾಹಿತಿ ಇತ್ತು. ಟಿಕ್‌ಟಾಕ್ ನಮ್ಮಲ್ಲಿ 2020ರಲ್ಲೇ ನಿಂತಿತು. ಆ ಬಗೆಯ ವಿಡಿಯೊಗಳು ರೀಲ್ಸ್‌ನಲ್ಲಿ, ಶಾರ್ಟ್ಸ್‌ನಲ್ಲಿ ಕನ್ನಡದಲ್ಲೇ ಸಿಗುತ್ತವೆ.

ಎರಡನೆಯದು, ನೋಡಿದ್ದನ್ನೇ ಮತ್ತೆ ಮತ್ತೆ ತೋರಿಸುವ ಅದರ ಗುಣ. ಲವ್ ಫೇಲ್ಯೂರ್ ಹಾಡಿನ ತುಣುಕೊಂದನ್ನು ಕೊನೆಯವರೆಗೂ ನೋಡಿದರೆ ಅಂಥದ್ದೇ ಹತ್ತು ಸಾಲಾಗಿ ಬರುತ್ತವೆ. ರಾತ್ರಿ ಬೇಸರದಲ್ಲಿ ಮೊಬೈಲ್ ಹಿಡಿದವರಿಗೆ ಇಡೀ ಲೋಕವೇ ಬೇಸರದಲ್ಲಿದೆ ಅನ್ನಿಸಿಬಿಡುತ್ತದೆ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಜಾಲತಾಣದಲ್ಲಿ ಕಳೆಯುವ ಹರೆಯದವರಲ್ಲಿ ಖಿನ್ನತೆ, ಆತಂಕದಂಥ ತೊಂದರೆಯ ಅಪಾಯ ಎರಡು ಪಟ್ಟು ಎಂದು ಅಮೆರಿಕದ ಸರ್ಜನ್ ಜನರಲ್ 2023ರ ಮೇ ತಿಂಗಳಲ್ಲಿ ಎಚ್ಚರಿಸಿದ್ದರು.

ಮೂರನೆಯದು ಕಣ್ಣಿಗೆ ಬೀಳದ ತಡೆ. ದುಃಖದ ಸ್ಟೇಟಸ್ ಹಾಕಿದ ಕೂಡಲೇ ನಾಲ್ಕು ಮಂದಿ ‘ಏನಾಯ್ತೋ’ ಎಂದು ಕೇಳುತ್ತಾರೆ, ಎದೆ ಹಗುರಾಗುತ್ತದೆ. ಆ ಹಗುರ ಬೆಳಗಿನವರೆಗೂ ಉಳಿಯುವುದಿಲ್ಲ, ಆದರೆ ‘ಹೇಳಿಕೊಂಡೆನಲ್ಲ’ ಎಂಬ ಸಮಾಧಾನದಲ್ಲಿ ನಿಜವಾದ ನೆರವು ಮುಂದಕ್ಕೆ ಹೋಗುತ್ತದೆ. ವಾರ ಕಳೆದು ತಿಂಗಳಾಗುತ್ತದೆ.

ನಾಲ್ಕನೆಯದು ಹಳ್ಳಿಗೇ ವಿಶೇಷವಾದದ್ದು. ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಫಾಲೋ ಮಾಡುತ್ತಾರೆ. ಮಾವನ ಮಗ, ಪಕ್ಕದ ಬೀದಿಯ ಅಕ್ಕ, ಟ್ಯೂಷನ್ ಮೇಷ್ಟ್ರು ಎಲ್ಲರೂ ಅಲ್ಲಿದ್ದಾರೆ. ಒಂದು ಸ್ಕ್ರೀನ್‌ಶಾಟ್ ಸಂಜೆಯೊಳಗೆ ಊರ ವಾಟ್ಸ್‌ಆ್ಯಪ್ ಗುಂಪಿಗೆ ಬಂದುಬಿಡಬಹುದು. ಯಾರದೋ ವಿಡಿಯೊ ಕೆಳಗೆ ‘ನಾಟಕ’, ‘ಹುಚ್ಚಾಸ್ಪತ್ರೆಗೆ ಸೇರ್ಸಿ’ ಎಂಬ ಕಾಮೆಂಟ್ ಓದಿದ ಹುಡುಗ ತಾನು ಬಾಯಿ ಬಿಟ್ಟರೆ ತನಗೂ ಇದೇ ಗತಿ ಎಂದುಕೊಳ್ಳುತ್ತಾನೆ. ಆ ಕಾಮೆಂಟ್ ಬರೆದವರಿಗೆ ಇದು ಗೊತ್ತೇ ಇರುವುದಿಲ್ಲ.

ಐದನೆಯದು ವ್ಯಾಪಾರ. ‘ಏಳು ದಿನದಲ್ಲಿ ಖಿನ್ನತೆ ಮಾಯ’, ‘ಮಾತ್ರೆ ಬೇಡ, ನಮ್ಮ ಕೋರ್ಸ್ ಸಾಕು’ ಎನ್ನುವ ಖಾತೆಗಳು, ಫೋನಿನಲ್ಲೇ ವಶೀಕರಣ ಬಿಡಿಸುತ್ತೇನೆ ಎನ್ನುವವರು ಮೊದಲು ಕೇಳುವುದು ಹಣವನ್ನು. ಅವರಿಗೆ ಕಟ್ಟಿದ ದುಡ್ಡಿಗಿಂತ ಅವರನ್ನು ನಂಬಿ ಕಳೆದ ದಿನಗಳು ದೊಡ್ಡ ನಷ್ಟ.

ನಂಬುವ ಮುನ್ನ ನೋಡಿಕೊಳ್ಳಿ

ಮನಸ್ಸಿನ ಆರೋಗ್ಯದ ಬಗ್ಗೆ ಹೇಳುವ ಯಾವುದೇ ಖಾತೆಯನ್ನು ಹಿಂಬಾಲಿಸುವ ಮೊದಲು ಇವಿಷ್ಟನ್ನು ನೋಡಿ:

• ಮಾತಾಡುತ್ತಿರುವವರ ಓದು ಏನು? ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಸೈಕಿಯಾಟ್ರಿಯಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪಿಎಂ ಮಾಡಿರುತ್ತಾರೆ, ವೈದ್ಯಕೀಯ ಮಂಡಳಿಯಲ್ಲಿ ನೋಂದಣಿ ಇರುತ್ತದೆ. ಮಾತ್ರೆ ಬರೆಯಬೇಕಾದವರು ವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮನಸ್ಸಿನ ಪರೀಕ್ಷೆ, ಮಾತಿನ ಚಿಕಿತ್ಸೆ ನೀಡುತ್ತಾರೆ. ‘ಲೈಫ್ ಕೋಚ್’, ‘ಹೀಲರ್’ ಎಂಬ ಹಣೆಪಟ್ಟಿ ವೈದ್ಯಕೀಯ ಅರ್ಹತೆಯಲ್ಲ.
• ‘ನಿಮಗೆ ಇದೇ ಕಾಯಿಲೆ’ ಎಂದು ನೋಡದೆಯೇ ಹೇಳುತ್ತಾರೆಯೇ? ಒಳ್ಳೆಯ ವೈದ್ಯರು ‘ಹೀಗಿದ್ದರೆ ಬಂದು ತೋರಿಸಿ’ ಎನ್ನುತ್ತಾರೆ.
• ಇಷ್ಟು ದಿನದಲ್ಲಿ ಖಂಡಿತ ವಾಸಿ ಎಂದು ಭರವಸೆ ಕೊಡುತ್ತಾರೆಯೇ? ಕೊಟ್ಟರೆ ಅಲ್ಲಿಂದ ಹೊರಬನ್ನಿ.
• ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಎನ್ನುತ್ತಾರೆಯೇ? ಇದು ಅಪಾಯದ ಮಾತು. ನಿಮ್ಮ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.
• ಸಹಾಯವಾಣಿಯ ನಂಬರು, ಆಸ್ಪತ್ರೆಯ ದಾರಿ ಹೇಳುತ್ತಾರೆಯೇ, ಇಲ್ಲವೇ ‘ನನಗೇ ಮೆಸೇಜ್ ಮಾಡಿ’ ಎನ್ನುತ್ತಾರೆಯೇ?

ಆನ್‌ಲೈನಿನಲ್ಲಿ ಸಿಗುವ ಪ್ರಶ್ನಾವಳಿಗಳ ಬಗ್ಗೆಯೂ ಒಂದು ಮಾತು. ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ವೈದ್ಯರೂ ಬಳಸುತ್ತಾರೆ. ಅದು ಕಳೆದ ಎರಡು ವಾರಗಳ ಸ್ಥಿತಿಯನ್ನು ಕೇಳುತ್ತದೆ. ಬಂದ ಅಂಕ ‘ಪರೀಕ್ಷಿಸಿಕೊಳ್ಳಬೇಕೇ’ ಎಂಬುದಕ್ಕೆ ಸೂಚನೆ ಮಾತ್ರ, ಅದೇ ರೋಗನಿರ್ಣಯವಲ್ಲ. ಅಂಕವನ್ನು ಸ್ಟೇಟಸ್‌ಗೆ ಹಾಕುವ ಬದಲು ವೈದ್ಯರಿಗೆ ತೋರಿಸಿ.

ಯಾವಾಗ ನೆರವು ಕೇಳಬೇಕು?

ಪರೀಕ್ಷೆಯ ಹಿಂದಿನ ದಿನ ಭಯ, ಜಗಳದ ಮರುದಿನ ಬೇಸರ ಎಲ್ಲರಿಗೂ ಇರುವಂಥದ್ದು. ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಕ್ರಿಕೆಟ್, ಹಾಡು, ಗೆಳೆಯರು ಯಾವುದೂ ಬೇಡವೆನಿಸಿದರೆ, ನಿದ್ದೆ, ಹಸಿವು ಹದ ತಪ್ಪಿದ್ದರೆ, ಎದೆ ಢವಢವ ಎಂದು ಕೈಕಾಲು ತಣ್ಣಗಾಗುವುದು ಮರುಕಳಿಸುತ್ತಿದ್ದರೆ, ಕಾಲೇಜು ಅಥವಾ ಕೆಲಸ ತಪ್ಪುತ್ತಿದ್ದರೆ ನೆರವು ಕೇಳುವ ಹೊತ್ತಾಗಿದೆ. ಯಾರೂ ಇಲ್ಲದಾಗ ಯಾರೋ ಮಾತಾಡಿದಂತೆ ಕೇಳುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂಬ ಗಟ್ಟಿ ಅನುಮಾನ ಇವಕ್ಕೆ ಎರಡು ವಾರವೂ ಕಾಯಬಾರದು. ‘ನಾನು ಇರಬಾರದು’ ಎಂಬ ಯೋಚನೆ ಬಂದರೆ ಅವತ್ತೇ, ಆ ಗಂಟೆಯಲ್ಲೇ ಯಾರಿಗಾದರೂ ಹೇಳಬೇಕು.

ಮೊಬೈಲ್ ಬಿಡಲಾಗದೆ ಓದು, ನಿದ್ದೆ ಹಾಳಾಗಿದ್ದರೂ ಅದಕ್ಕೆ ಚಿಕಿತ್ಸೆಯಿದೆ. ಇದಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್ ಕ್ಲಿನಿಕ್’ ನಡೆಯುತ್ತಿದೆ.

14416ಕ್ಕೆ ಕರೆ ಮಾಡಿದರೆ ಏನಾಗುತ್ತದೆ?

ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ಇದಕ್ಕೆ ಮಾರ್ಗದರ್ಶನ ನೀಡುವ ಕೇಂದ್ರ ನಮ್ಮ ನಿಮ್ಹಾನ್ಸ್. ನಂಬರು 14416, ಅದು ಸಿಗದಿದ್ದರೆ 1800-891-4416. ದಿನದ 24 ಗಂಟೆಯೂ ಇರುತ್ತದೆ, ಕರೆ ಉಚಿತ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ಶುರುವಾದಂದಿನಿಂದ ಇಲ್ಲಿಗೆ ಬಂದ ಕರೆಗಳ ಒಟ್ಟು ಸಂಖ್ಯೆ 2025ರಲ್ಲಿ 20 ಲಕ್ಷ ದಾಟಿತು. ನೀವೊಬ್ಬರೇ ಕರೆ ಮಾಡುತ್ತಿರುವವರಲ್ಲ.

ಕರೆ ಮಾಡಲು ಹಿಂಜರಿಕೆ ಇರುವುದು ‘ಏನು ಕೇಳುತ್ತಾರೋ’ ಎಂಬ ಅಳುಕಿನಿಂದ. ಹೀಗೆ ನಡೆಯುತ್ತದೆ: ಮೊದಲು ಭಾಷೆ ಆರಿಸಿಕೊಳ್ಳಲು ಧ್ವನಿಮುದ್ರಿತ ಸೂಚನೆ ಬರುತ್ತದೆ. ಕನ್ನಡ ಆರಿಸಿದರೆ ತರಬೇತಾದ ಆಪ್ತಸಮಾಲೋಚಕರೊಬ್ಬರು ಮಾತಿಗೆ ಸಿಗುತ್ತಾರೆ. ಏನು ತೊಂದರೆ, ಯಾವಾಗಿನಿಂದ, ನಿದ್ದೆ ಊಟ ಹೇಗಿದೆ, ಜೊತೆಗೆ ಯಾರಿದ್ದಾರೆ ಎಂಬಂಥ ಪ್ರಶ್ನೆ ಕೇಳುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರಿಗೆ ಕರೆ ವರ್ಗಾಯಿಸುತ್ತಾರೆ, ಇಲ್ಲವೇ ನಿಮಗೆ ಹತ್ತಿರದ ಆಸ್ಪತ್ರೆಗೆ ಕಳಿಸುತ್ತಾರೆ.

ಮಾತು ಹೇಗೆ ಶುರು ಮಾಡಬೇಕೆಂದು ತೋಚದಿದ್ದರೆ ಇಷ್ಟನ್ನೇ ಚೀಟಿಯಲ್ಲಿ ಬರೆದುಕೊಂಡು ಓದಿ: ‘ನಾನು ಚನ್ನಗಿರಿ ತಾಲ್ಲೂಕಿನವನು, ವಯಸ್ಸು 19. ಒಂದು ತಿಂಗಳಿಂದ ನಿದ್ದೆ ಬರ್ತಿಲ್ಲ, ಕಾಲೇಜಿಗೆ ಹೋಗೋಕೆ ಆಗ್ತಿಲ್ಲ. ಮನೇಲಿ ಹೇಳಿಲ್ಲ. ಏನು ಮಾಡಬೇಕು ಹೇಳಿ.’ ಇದಕ್ಕಿಂತ ಹೆಚ್ಚಿನ ಪೀಠಿಕೆ ಬೇಕಾಗಿಲ್ಲ. ಮನೆಯೊಳಗೆ ಮಾತಾಡಲು ಜಾಗವಿಲ್ಲದವರು ತೋಟದ ಕಡೆಗೋ ಕೆರೆ ಏರಿಯ ಕಡೆಗೋ ಗೆಳೆಯನೊಬ್ಬನ ಜೊತೆ ಹೋಗಿ ಮಾತಾಡಬಹುದು. ಒಮ್ಮೆ ಲೈನ್ ಸಿಗದಿದ್ದರೆ ಇನ್ನೊಮ್ಮೆ ಮಾಡಿ. ಮೊದಲ ಸಲ ಮಾತಾಡಿದವರ ಮಾತು ಹಿಡಿಸದಿದ್ದರೂ ಮತ್ತೆ ಕರೆ ಮಾಡಿ, ಬೇರೊಬ್ಬರು ಸಿಗಬಹುದು.

18 ವರ್ಷದೊಳಗಿನವರು ಮನೆಯಲ್ಲಿ ಅಥವಾ ಹೊರಗೆ ಹಿಂಸೆ, ಕಿರುಕುಳ ಅನುಭವಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಪ್ರಾಣಾಪಾಯದ ತುರ್ತಿಗೆ 112.

ಊರಿನಿಂದ ಆಸ್ಪತ್ರೆಗೆ

ಮನೋವೈದ್ಯರೆಂದರೆ ಬೆಂಗಳೂರಿಗೇ ಹೋಗಬೇಕು ಎಂಬ ಕಲ್ಪನೆ ಇನ್ನೂ ಇದೆ. ಹಳ್ಳಿಯ ಹತ್ತಿರವೇ ಈ ಚಿಕಿತ್ಸೆ ಕೊಡಬಹುದು ಎಂದು ದೇಶಕ್ಕೆ ತೋರಿಸಿದ್ದೇ ಕರ್ನಾಟಕ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ‘ಬಳ್ಳಾರಿ ಮಾದರಿ’ ಎನಿಸಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಜಗಳೂರಿನವರಿಗೆ ಬಳ್ಳಾರಿ ಸೀಮೆ ದೂರದ್ದೇನಲ್ಲ.

ಇವತ್ತು ಕೆರೆಬಿಳಚಿಯವರು ಹಿಡಿಯಬಹುದಾದ ದಾರಿ ಹೀಗಿದೆ. ಮೊದಲು ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಥೈರಾಯ್ಡ್ ತೊಂದರೆ, ರಕ್ತಹೀನತೆಯಿಂದಲೂ ಸುಸ್ತು, ಬೇಸರ ಬರುವುದರಿಂದ ಅವನ್ನೂ ಪರೀಕ್ಷಿಸುತ್ತಾರೆ. ಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. ಮುಂದಿನ ಹಂತ ಚನ್ನಗಿರಿಯ ತಾಲ್ಲೂಕು ಆಸ್ಪತ್ರೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ವ್ಯವಸ್ಥೆಯಿದೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಹೊನ್ನಾಳಿ, ಜಗಳೂರಿನವರೂ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೀಗೇ ಕೇಳಬಹುದು. ಅಲ್ಲಿಂದ ಮೇಲಕ್ಕೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ. ನಗರದ ಎರಡು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ.

ಮೊದಲ ಭೇಟಿಯಲ್ಲಿ ಹೆಚ್ಚಿನದು ಮಾತುಕತೆಯೇ. ಎಲ್ಲರಿಗೂ ಮಾತ್ರೆ ಕೊಡುವುದಿಲ್ಲ. ಕೊಟ್ಟರೂ ಖಿನ್ನತೆಯ ಮಾತ್ರೆಗಳ ಗುಣ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು. ‘ಮೂರು ದಿನ ತಿಂದೆ, ಏನೂ ಆಗಲಿಲ್ಲ’ ಎಂದು ಬಿಟ್ಟವರು ಬಹಳ. ತಡೆದುಕೊಳ್ಳಿ, ತೊಂದರೆಯಾದರೆ ವೈದ್ಯರಿಗೆ ತಿಳಿಸಿ. ದರ್ಗಾಕ್ಕೆ ಹರಕೆ ಹೊತ್ತಿದ್ದರೆ, ದೇವರಿಗೆ ಮುಡಿಪು ಕಟ್ಟಿದ್ದರೆ ಅದು ನಡೆಯಲಿ. ಅದರ ಜೊತೆಗೇ ಆಸ್ಪತ್ರೆಯ ಚೀಟಿಯೂ ಇರಲಿ.

ಗೆಳೆಯನ ಸ್ಟೇಟಸ್ ನೋಡಿ ಗಾಬರಿಯಾದರೆ

ರಾತ್ರಿ ಒಂದು ಗಂಟೆ. ಗೆಳೆಯನ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಕಪ್ಪು ಪರದೆ, ಮೇಲೆ ಒಂದೇ ಸಾಲು: ‘ಎಲ್ಲರಿಗೂ ಥ್ಯಾಂಕ್ಸ್, ಇನ್ಮೇಲೆ ಯಾರಿಗೂ ತೊಂದ್ರೆ ಕೊಡಲ್ಲ.’ ನಲವತ್ತು ಮಂದಿ ನೋಡಿದ್ದಾರೆ, ನಗುವ ಇಮೋಜಿ ಕಳಿಸಿದವರೂ ಇದ್ದಾರೆ. ನೀವು ಮಾಡಬೇಕಾದ್ದು ಇಷ್ಟು.

ಮೆಸೇಜ್ ಟೈಪ್ ಮಾಡುತ್ತ ಕೂರಬೇಡಿ, ಕರೆ ಮಾಡಿ. ‘ಲೇ, ಸ್ಟೇಟಸ್ ನೋಡ್ದೆ ಕಣೋ. ಏನಾಗಿದೆ ಹೇಳು, ನಾನ್ ಕೇಳ್ತೀನಿ’ ಎನ್ನಿ. ಉಪದೇಶ ಬೇಡ, ‘ಅವ್ವ ಅಪ್ಪನ ಯೋಚ್ನೆ ಮಾಡಿದ್ಯಾ’ ಎಂಬ ಬೈಗುಳವೂ ಬೇಡ. ಅನುಮಾನವಿದ್ದರೆ ನೇರವಾಗಿ ಕೇಳಿ: ‘ಸಾಯೋ ಯೋಚ್ನೆ ಬರ್ತಿದೆಯಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ನಂಬಿಕೆ ತಪ್ಪು. ಕೇಳಿದ್ದರಿಂದ ಎದುರಿನವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ‘ಹೌದು’ ಎಂದರೆ ಒಂಟಿಯಾಗಿ ಬಿಡಬೇಡಿ. ಹತ್ತಿರದಲ್ಲಿದ್ದರೆ ಹೋಗಿ, ದೂರವಿದ್ದರೆ ಅವನ ಮನೆಯವರನ್ನು ಎಬ್ಬಿಸಿ. ಕಾನ್ಫರೆನ್ಸ್ ಹಾಕಿ 14416ಕ್ಕೆ ಇಬ್ಬರೂ ಸೇರಿ ಮಾತಾಡಿ, ಕೈ ಮೀರುವಂತಿದ್ದರೆ 112ಕ್ಕೆ ಕರೆ ಮಾಡಿ. ‘ಯಾರಿಗೂ ಹೇಳಬೇಡ’ ಎಂದು ಆಣೆ ಹಾಕಿಸಿಕೊಂಡಿದ್ದರೂ ಜೀವದ ಪ್ರಶ್ನೆ ಬಂದಾಗ ಆ ಗುಟ್ಟು ಕಾಯಬಾರದು.

ಇನ್‌ಸ್ಟಾಗ್ರಾಮಿನಲ್ಲಿ ಅಪರಿಚಿತರ ಇಂಥ ಪೋಸ್ಟ್ ಕಂಡರೆ ರಿಪೋರ್ಟ್ ಒತ್ತಿ. ಯಾರು ರಿಪೋರ್ಟ್ ಮಾಡಿದರೆಂದು ಅವರಿಗೆ ತಿಳಿಯುವುದಿಲ್ಲ, ನೆರವಿನ ಮಾಹಿತಿ ಮಾತ್ರ ತಲುಪುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕುವುದು ಮಾತ್ರ ಬೇಡವೇ ಬೇಡ.

ಮನೆಯವರಿಗೆ, ಉಪನ್ಯಾಸಕರಿಗೆ

ಮಗ ಅಥವಾ ಮಗಳು ‘ನನಗೆ ಆಂಗ್ಸೈಟಿ ಇದೆ’ ಎಂದರೆ ‘ಎಲ್ಲಾ ಆ ಮೊಬೈಲಿಂದ’ ಎಂದು ಕಿತ್ತುಕೊಳ್ಳುವುದು ಮೊದಲ ಪ್ರತಿಕ್ರಿಯೆ ಆಗಬಾರದು. ಹೇಳಿಕೊಂಡಿದ್ದಕ್ಕೆ ಶಿಕ್ಷೆಯಾದರೆ ಮಕ್ಕಳು ಎರಡನೇ ಸಲ ಹೇಳುವುದಿಲ್ಲ. ‘ಎಲ್ಲಿ ನೋಡಿದೆ? ನಿನಗೆ ಯಾವಾಗ ಹಾಗನ್ನಿಸುತ್ತೆ?’ ಎಂದು ಕೇಳಿ, ಆ ವಿಡಿಯೊವನ್ನು ಜೊತೆಯಲ್ಲೇ ಕೂತು ನೋಡಿ. ಹೆಸರಿಸಿದ ರೋಗ ತಪ್ಪಿರಬಹುದು, ಹಿಂದಿರುವ ಸಂಕಟ ಸುಳ್ಳಲ್ಲ. ರಾತ್ರಿ ಮಲಗುವಾಗ ಮೊಬೈಲನ್ನು ನಡುಮನೆಯಲ್ಲಿಡುವ ನಿಯಮ ಮಾಡಿದರೆ ಅಪ್ಪ ಅಮ್ಮನ ಫೋನೂ ಅಲ್ಲೇ ಇರಲಿ.

ಪಿಯು, ಪದವಿ ಕಾಲೇಜುಗಳಲ್ಲಿ ಉಪನ್ಯಾಸಕರು ತರಗತಿಯ ವಾಟ್ಸ್‌ಆ್ಯಪ್ ಗುಂಪಿನ ವಿವರಣೆಯಲ್ಲೇ 14416 ಬರೆದಿಡಬಹುದು. ಗೋಡೆಯ ಪೋಸ್ಟರ್ ಮುಂದೆ ನಿಂತು ಓದಲು ಸಂಕೋಚ ಪಡುವವರು ಮೊಬೈಲಿನಲ್ಲಿ ಒಬ್ಬರೇ ಓದುತ್ತಾರೆ. ಯುವಜನ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲೆಗಳಲ್ಲಿ ನಡೆಸುವ ‘ಯುವಸ್ಪಂದನ’ದವರನ್ನು ಕಾಲೇಜಿಗೆ ಕರೆಸಿ ಮಾತಾಡಿಸಬಹುದು.

ಕಾನೂನು ನಿಮ್ಮ ಬೆನ್ನಿಗಿದೆ

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017ರ 18ನೇ ಕಲಂ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. 23ನೇ ಕಲಂ ನಿಮ್ಮ ಕಾಯಿಲೆ, ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಬೇಕೆಂದು ಚಿಕಿತ್ಸೆ ನೀಡುವವರನ್ನು ಕಟ್ಟಿಹಾಕುತ್ತದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಚಿಕಿತ್ಸೆಯಲ್ಲಿರುವವರ ಫೋಟೊ, ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎನ್ನುತ್ತದೆ 24ನೇ ಕಲಂ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂಬುದು 115ನೇ ಕಲಮಿನ ಸಾರ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಕರೆದೊಯ್ಯಲು ತಡಮಾಡುವವರು ಇದನ್ನು ನೆನಪಿಡಬೇಕು. 18 ತುಂಬದವರ ಚಿಕಿತ್ಸೆಗೆ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕಾಗುತ್ತದೆ, ಸಹಾಯವಾಣಿಗೆ ಮಾತಾಡಲು ಅವರ ಒಪ್ಪಿಗೆಗೆ ಕಾಯಬೇಕಿಲ್ಲ.

ನಿಮ್ಮ ಕಥೆ ಹೇಳುವುದಿದ್ದರೆ

ಚಿಕಿತ್ಸೆ ಪಡೆದು ಚೇತರಿಸಿಕೊಂಡವರು ಜಾಲತಾಣದಲ್ಲಿ ಹೇಳಿಕೊಂಡರೆ ಅದರಿಂದ ಆಗುವ ಉಪಕಾರ ದೊಡ್ಡದು. ಊರಿನವರೇ ಒಬ್ಬರು ‘ನಾನೂ ತೋರಿಸಿಕೊಂಡೆ, ಈಗ ಚೆನ್ನಾಗಿದ್ದೇನೆ’ ಎಂದರೆ ಅದಕ್ಕಿರುವ ತೂಕ ಸಿನಿಮಾ ತಾರೆಯ ಮಾತಿಗೂ ಇಲ್ಲ. ಹೇಳುವಾಗ ಸಂಕಟದ ವಿವರಕ್ಕಿಂತ ಯಾರಿಗೆ ಮೊದಲು ಹೇಳಿದಿರಿ, ಎಲ್ಲಿಗೆ ಹೋದಿರಿ, ಏನು ನೆರವಾಯಿತು ಎಂಬುದನ್ನು ಹೆಚ್ಚು ಬರೆಯಿರಿ. ಹಾನಿ ಮಾಡಿಕೊಂಡ ವಿಧಾನ, ಮಾತ್ರೆಯ ಹೆಸರು, ಪ್ರಮಾಣ ಬರೆಯಬೇಡಿ. ಕೊನೆಗೆ ಸಹಾಯವಾಣಿಯ ನಂಬರು ಇರಲಿ. ಹೇಳಿಕೊಳ್ಳಲು ಇಷ್ಟವಿಲ್ಲದವರು ಹೇಳಲೇಬೇಕೆಂದೂ ಇಲ್ಲ. ಗುಣವಾಗುವುದು ನಿಮಗಾಗಿ, ಪೋಸ್ಟಿಗಾಗಿ ಅಲ್ಲ.

ಇನ್ನು ನಿಮ್ಮ ಪರದೆಯ ಮೇಲೆ ದುಃಖದ ರೀಲ್ಸ್‌ಗಳೇ ಸಾಲುಗಟ್ಟಿ ಬರುತ್ತಿದ್ದರೆ ಪ್ರತಿಯೊಂದಕ್ಕೂ ‘ನಾಟ್ ಇಂಟರೆಸ್ಟೆಡ್’ ಒತ್ತುತ್ತ ಹೋಗಿ. ಬರುವ ವಿಡಿಯೊಗಳು ನಿಧಾನವಾಗಿ ಬದಲಾಗಬಹುದು.

ಜಾಲತಾಣದಲ್ಲಿ ಕಳೆದ ಹೊತ್ತು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಅದನ್ನು ನೋಡಿದ ಮೇಲೆ ನಾನು ಒಬ್ಬ ಮನುಷ್ಯನ ಜೊತೆ ಬಾಯಿ ಬಿಟ್ಟು ಮಾತಾಡಿದೆನೇ? ಮಾತಾಡಿದ್ದರೆ ಅದು ನಿಮಗೆ ಒಳ್ಳೆಯದನ್ನೇ ಮಾಡಿದೆ. ಇಲ್ಲವಾದರೆ ಇವತ್ತೇ ಒಬ್ಬರನ್ನು ಆರಿಸಿಕೊಳ್ಳಿ: ಅಕ್ಕ, ಗೆಳೆಯ, ಮೇಷ್ಟ್ರು, ಆಶಾ ಕಾರ್ಯಕರ್ತೆ ಯಾರಾದರೂ ಸರಿ. ಯಾರೂ ಬೇಡವೆನಿಸಿದರೆ 14416. ಈ ಲೇಖನ ಓದಿದವರೆಲ್ಲ ಆ ನಂಬರನ್ನು ಈಗಲೇ ತಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಮನೆಯ ಹರೆಯದವರ ಮೊಬೈಲಿನಲ್ಲೂ ಉಳಿಸಿಕೊಡಿ.